ಇಪ್ಪತ್ತೆಂಟು ದಿನ

ಜ್ಯೂರಿಗೆ ಇನ್ನು ಎರಡು ದಿನ.
ದಪ್ಪ ರಟ್ಟಿನ ಮೇಲೆ ಅಂಟಿಸುತ್ತಿದ್ದೇನೆ
ಊರು ಕಟ್ಟುವ ಸಾಮಾನುಗಳ ಚೂರು:
ನೀಲಿ ಗಾಜು, ಬಿಸ್ಕತ್ತಿನಷ್ಟು ತೆಳ್ಳಗೆ ಕೊಯ್ದ ಕರಿಗಲ್ಲು
(ಭಾರ ಹೊರುತ್ತಿದ್ದದ್ದು, ಈಗ ಗೋಡೆ ತೊಟ್ಟ ಅಂಗಿ),
ತೇಗದ ಗೆರೆ ಮುದ್ರಿಸಿಕೊಂಡ ಅಲ್ಯುಮಿನಿಯಂ ಶೀಟು.
ಸಾಮಾನು ಸುಳ್ಳು ಹೇಳಬಾರದು ಎನ್ನುತ್ತದೆ ಪುಸ್ತಕ.
ಅಮ್ಮಿ ಶೀಟನ್ನು ಸೆರಗಿನಿಂದ ಉಜ್ಜಿ ಕೇಳಿದಳು,
“ಒರೆಸೋಕೆ ಸಲೀಸಾ?”
ಆ ಪ್ರಶ್ನೆ ಪುಸ್ತಕದಲ್ಲಿಲ್ಲ.

ಪಿ.ಬಿ. ರಸ್ತೆಯ ಸೀರೆ ಅಂಗಡಿಗೆ
ಹೋದ ದೀಪಾವಳಿಗೆ ಗಾಜಿನ ಮುಖ ಬಂತು.
ಹಳೆಯ ಗಾರೆ ಗೋಡೆ, ಮರದ ಕಿಟಕಿ
ಎಲ್ಲಿಗೂ ಹೋಗಿಲ್ಲ. ಒಂದು ಗೇಣು ಹಿಂದೆ
ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ನಿಂತಿವೆ.
ದಾವಣಗೆರೆಯ ಏಪ್ರಿಲ್ ಬಿಸಿಲು ಆ ಗಾಜಿಗೆ ಬಡಿದು
ಎದುರಿನ ಎಳನೀರಿನವನ ಬೆನ್ನಿಗೆ ಬೀಳುತ್ತದೆ.
ಮಧ್ಯಾಹ್ನ ಎರಡಾದರೆ ಅವನು
ಗಾಡಿಯನ್ನು ಹತ್ತು ಹೆಜ್ಜೆ ಸರಿಸುತ್ತಾನೆ.
ನಕ್ಷೆಯಲ್ಲಿ ಮರಕ್ಕೆ, ಕಾರಿಗೆ, ಕಮೋಡಿಗೆ ಗುರುತುಗಳಿವೆ.
ಅವನಿಗೆ ಯಾವುದು ಹಾಕಲಿ?

“ನಿಮ್ಮೂರಿನ ಸಾಮಾನು ಯಾವುದು?”
ಮುರುಗೇಂದ್ರಪ್ಪ ಸರ್ ಬೆಂಚಿನ ಸಾಲಿಗೆ ಕೇಳುತ್ತಾ ಬಂದರು.
ದುರ್ಗದವನು ಕಲ್ಲು ಅಂದ.
ಹರಿಹರದವಳು ಹೊಳೆ ಮರಳು ಅಂದಳು.
ನಾನು ಬಾಯಿ ತಪ್ಪಿ “ಬೂದಿ” ಅಂದೆ.
ಫ್ಯಾನಿನ ಸದ್ದನ್ನೂ ಮೀರಿಸಿ ನಕ್ಕರು.

ನಮ್ಮದು ಮಂಡಕ್ಕಿ ಭಟ್ಟಿ.
ತಗಡಿನ ಸೂರಿನ ತೂತುಗಳಿಂದ
ಹೊಗೆಯೊಳಕ್ಕೆ ಇಳಿಯುವ ಬಿಸಿಲಿನ ಕಂಬಗಳು,
ಯಾವ ಭಾರವನ್ನೂ ಹೊರದವು,
ನಾನು ಎಣಿಸಲು ಕಲಿತದ್ದು ಅವುಗಳಿಂದ.
ಕಾದ ಮರಳಿಗೆ ಅಬ್ಬಾ ಅಕ್ಕಿ ಸುರಿದರೆ
ಚಟಪಟ ಎದ್ದು ನಾಲ್ಕರಷ್ಟಾಗುತ್ತದೆ.
ಜರಡಿ ಹಿಡಿದು ಮರಳನ್ನು ಬಾಣಲೆಗೇ ವಾಪಸು.
ಒಲೆಗೆ ಭತ್ತದ ಹೊಟ್ಟು. ಹಿಂದೆ ಟೈರು;
ಆ ವರ್ಷಗಳ ಲೆಕ್ಕ ಅಮ್ಮಿಯ ಕೆಮ್ಮಿನಲ್ಲಿದೆ.

ಗಾಜೆಂದರೂ ಮರಳೇ.
ಕಾಂಕ್ರೀಟಿನ ಹೊಟ್ಟೆಯಲ್ಲೂ ಮರಳೇ.
ಒಮ್ಮೆ ಹೋಗಿ ಸೇರಿದರೆ ಅಲ್ಲೇ ನಿಂತುಬಿಡುತ್ತವೆ.
ಅಬ್ಬಾರ ಮರಳು ಮಾತ್ರ
ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುತ್ತದೆ.

ನಕ್ಕದ್ದಕ್ಕೆ ಹಟ ಬಂತು.
ಬೂದಿ ಸೋಸಿ ಸಿಮೆಂಟಿಗೆ ಬೆರೆಸಿದೆ, ನೂರಕ್ಕೆ ಹದಿನೈದು.
ಅಚ್ಚಿನಲ್ಲಿ ಮೂರು ಕ್ಯೂಬು. ಹಸಿಯಿದ್ದಾಗಲೇ ಮೊಳೆಯಿಂದ
ಜಬೀನಾ ಎಂದು ಗೀರಿ ತಾರೀಖು ಹಾಕಿದೆ.
ಲ್ಯಾಬಿನ ತಿಪ್ಪೇಶಿ ಅವನ್ನು ತೊಟ್ಟಿಗೆ ಇಳಿಸುತ್ತಾ,
“ಇಪ್ಪತ್ತೆಂಟು ದಿನ ನೀರಾಗಿರ್ಲಿ.
ಬಾಣಂತನ ಇದ್ದಂಗೆ ಕಣಮ್ಮ, ಆತ್ರ ಮಾಡ್ಬ್ಯಾಡ” ಅಂದ.
ಒಣಗಿದ ಮೇಲೆ ಗಟ್ಟಿಯಾಗುತ್ತದೆಂದು ನಂಬಿದ್ದೆ ಇಷ್ಟು ದಿನ.
ಅಲ್ಲ. ನೀರು ಕುಡಿದು ಗಟ್ಟಿಯಾಗುತ್ತದೆ.
ಇಷ್ಟು ದೊಡ್ಡ ಮಾತು
ಪುಟದ ಕೆಳಗೆ ಸಣ್ಣಕ್ಷರದಲ್ಲಿತ್ತು.

ನಿನ್ನೆ ಒಡೆದೆವು.
ಮುಳ್ಳು ಏರಿತು, ಏರಿತು, ತಡವರಿಸಿತು.
ಸದ್ದೇನೂ ದೊಡ್ಡದಲ್ಲ, ಮಂಡಕ್ಕಿ ಅಗಿದಷ್ಟು.
ಇಪ್ಪತ್ತು ಬೇಕಿತ್ತು. ಹದಿನಾಲ್ಕು, ಹದಿಮೂರು, ಹದಿನಾಲ್ಕು.
ಸರ್ ಚೂರೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು:
“ಬೂದಿ ಇನ್ನೂ ಕಪ್ಪಗಿದೆ.
ನಿಮ್ಮ ಬೆಂಕಿಗೆ ಹತೋಟಿ ಇಲ್ಲ.”

ಸಂಜೆ ಅಬ್ಬಾರಿಗೆ ಹೇಳಿದೆ.
ಅವರು ಬಾಣಲೆಯ ಮೇಲೆ ಅಂಗೈ ಚಾಚಿದರು,
ಮುಟ್ಟದೆ, ಒಂದು ಗೇಣು ಎತ್ತರದಲ್ಲಿ.
“ಇನ್ನೊಂದು ಹಿಡಿ ಹೊಟ್ಟು ಹಾಕು.”
ಹಾಕಿದೆ.
“ಸಾಕು.”
ಅಕ್ಕಿ ಎದ್ದಿತು, ಒಂದು ಕಾಳೂ ಸೀಯದೆ.

ರಟ್ಟಿನ ನಡುವೆ ಒಂದು ಜಾಗ ಉಳಿದಿತ್ತು.
ಒಡೆದ ಕ್ಯೂಬಿನ ಮೂಲೆ ಇಟ್ಟೆ,
ಬರೀ “ಜ” ಉಳಿದಿದ್ದ ಚೂರು. ಕೆಳಗೆ ಬರೆದೆ: ೧೪.
ಭಾರಕ್ಕೆ ರಟ್ಟು ಬಾಗಿತು, ಅಂಟು ಕೈಬಿಟ್ಟಿತು, ಎರಡು ಸಲ.
ಅಮ್ಮಿ ದಬ್ಬಣ ತಂದು, ಸುತಳಿ ಪೋಣಿಸಿ,
ಮಂಡಕ್ಕಿ ಚೀಲದ ಬಾಯಿ ಹೊಲಿಯುವ ಹಾಗೆ
ಅದನ್ನು ರಟ್ಟಿಗೆ ಬಿಗಿದು ಹೊಲಿದಳು.
ಗಂಟು ಹಿಂದುಗಡೆ ಇದೆ.
ಯಾರಾದರೂ ತಿರುಗಿಸಿ ನೋಡುತ್ತೇನೆಂದರೆ
ತೋರಿಸುತ್ತೇನೆ.